ಗಾಡಿ ಮೊದಲು ತಣ್ಣಗಾಗಲಿ



ಇವತ್ತು ನಾವು ಕಾರಿನ ವಿಷಯ ಮಾತಾಡೋಣ. ಕಾರಿನ ಮುಂದೆ ಬಾನೆಟ್ ಇರುತ್ತದೆ. ಅದರ ಒಳಗೆ ಇಂಜಿನ್ ಇರುತ್ತದೆ. ಆ ಜಾಗವನ್ನು ಮನೆಯಲ್ಲೇ, ಅಪಾಯವಿಲ್ಲದೆ, ಶುಚಿ ಮಾಡುವುದು ಹೇಗೆ? ಇದೇ ಇವತ್ತಿನ ಮಾತು.

"ನಮಗ್ಯಾಕೆ ಟೀಚರಮ್ಮ ಕಾರಿನ ಸುದ್ದಿ? ಅದು ಗಂಡಸರ ಕೆಲಸ ಅಲ್ವಾ?" ಅಂತ ನೀವು ಕೇಳಬಹುದು. ನಮ್ಮ ಕಲಿಕಾ ಕೇಂದ್ರದಲ್ಲೂ ಹೀಗೇ ಕೇಳಿದರು. ಕೇಳಿ ನಕ್ಕರು. ಆಗ ನಾವು ತಿರುಗಿ ಕೇಳಿದೆವು. "ಆಯುಧಪೂಜೆಗೆ ಗಾಡಿ ತೊಳೆಯುವಾಗ ನೀರು ಹೊತ್ತು ಕೊಡೋರು ಯಾರು? ಒರೆಸೋಕೆ ಹಳೇ ಬಟ್ಟೆ ಹುಡುಕಿ ಕೊಡೋರು ಯಾರು? ಎಷ್ಟೋ ಮನೇಲಿ ಒರೆಸೋರೂ ಯಾರು?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. "ನಾವೇ ಕಣವ್ವ" ಅಂದರು ಒಬ್ಬ ಅಜ್ಜಿ.

ಗಾಡಿ ನಿಲ್ಲುವುದು ನಮ್ಮ ಅಂಗಳದಲ್ಲಿ. ಅದರ ಸುತ್ತ ಆಡುವುದು ನಮ್ಮ ಮಕ್ಕಳು. ಹಾಗಾದ ಮೇಲೆ ಅದರ ಒಳಗೆ ಏನಿದೆ ಅಂತ ನಮಗೂ ಗೊತ್ತಿರಬೇಕು.

ಮೊದಲು ನಮ್ಮ ಮನೆಯಲ್ಲೇ ನಡೆದ ಸಂಗತಿ ಹೇಳುತ್ತೇವೆ.

ನಮ್ಮ ಮನೆಯಲ್ಲಿ ಒಂದು ಹಳೆಯ ಕಾರು ಇದೆ. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರಲ್ಲಿ ಜನರೂ ಹೋಗುತ್ತಾರೆ, ತೆಂಗಿನಕಾಯಿ ಚೀಲವೂ ಹೋಗುತ್ತದೆ. ಒಂದು ವರ್ಷ ಆಯುಧಪೂಜೆಯ ದಿನ ಮನೆಯವರು ಬಾನೆಟ್ ಎತ್ತಿದರು. ಒಳಗೆಲ್ಲ ಜಿಡ್ಡು. "ಪೆಟ್ರೋಲ್ ಹಾಕಿ ಒರೆಸಿದರೆ ಫಳಫಳ ಅನ್ನುತ್ತೆ" ಅಂತ ಒಂದು ಬಟ್ಟಲಿಗೆ ಪೆಟ್ರೋಲ್ ಬಗ್ಗಿಸಿದರು. ನಾವೂ ಬಟ್ಟೆ ಅದ್ದಿ ಒರೆಸಿದೆವು. ಬಟ್ಟಲು ಅಲ್ಲೇ ನೆಲದ ಮೇಲೆ ಇತ್ತು.

ಅಷ್ಟರಲ್ಲಿ ಮಗಳು ಒಳಗಿನಿಂದ ಆರತಿ ತಟ್ಟೆ ತಂದಳು. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ನಮ್ಮ ಅತ್ತೆಗೆ ಪೆಟ್ರೋಲ್ ವಾಸನೆ ಬಡಿಯಿತು. "ಅಲ್ಲೇ ನಿಲ್ಲೇ ಮಗಾ! ಬರಬ್ಯಾಡ!" ಅಂತ ಕೂಗಿದರು. ಮಗಳು ಹೊಸಿಲ ಮೇಲೇ ನಿಂತಳು. ಅತ್ತೆ ಕರ್ಪೂರ ಆರಿಸಿದರು.

ಏನೂ ಆಗಲಿಲ್ಲ. ಆದರೆ ಇನ್ನು ನಾಲ್ಕು ಹೆಜ್ಜೆ ಬಂದಿದ್ದರೆ? ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಾವು ಟೀಚರ್ ಟ್ರೈನಿಂಗ್ ಮಾಡಿದವರು. ನಮ್ಮ ಅತ್ತೆ ಶಾಲೆಗೆ ಹೋದವರಲ್ಲ. ಆದರೆ ಅವತ್ತು ತಿಳುವಳಿಕೆ ಇದ್ದದ್ದು ಅವರಿಗೆ.

ಪೆಟ್ರೋಲಿನ ಗುಣ ಏನು? ಅದು ಸುಮ್ಮನೆ ಇಟ್ಟರೂ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹೋಗುವುದಿಲ್ಲ. ನೆಲದ ಮೇಲೆ ಹರಡಿಕೊಂಡು ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ದೂರದಲ್ಲಿ ಒಲೆ ಇದ್ದರೂ, ಬೀಡಿ ಇದ್ದರೂ, ದೀಪ ಇದ್ದರೂ ಹೊತ್ತಿಕೊಳ್ಳಬಹುದು. ಆದ್ದರಿಂದ ಪೆಟ್ರೋಲ್, ಸೀಮೆಎಣ್ಣೆ, ಬಣ್ಣಕ್ಕೆ ಹಾಕುವ ಥಿನ್ನರ್, ಈ ಮೂರರಿಂದಲೂ ಇಂಜಿನ್ ಒರೆಸಬಾರದು. ಇದು ಮೊದಲ ಪಾಠ.

ಬಾನೆಟ್ ಒಳಗೆ ಏನೇನಿದೆ? ಅದೂ ಒಂದು ಅಡುಗೆಮನೆ ಇದ್ದ ಹಾಗೆ. ಒಲೆಯ ಹಾಗೆ ಸುಡುವ ಇಂಜಿನ್ ಇದೆ. ಕುದಿಯುವ ನೀರಿನ ರೇಡಿಯೇಟರ್ ಇದೆ. ತಿರುಗುವ ಫ್ಯಾನು, ಬೆಲ್ಟು ಇದೆ. ಎಣ್ಣೆ ಇದೆ. ಕರೆಂಟಿನ ವೈರು, ಬ್ಯಾಟರಿ ಇದೆ. ಬೆಂಕಿ, ಎಣ್ಣೆ, ನೀರು, ಕರೆಂಟು ಎಲ್ಲವೂ ಒಂದೇ ಗೂಡಿನಲ್ಲಿ. ಅಡುಗೆಮನೆಯಲ್ಲಿ ಎಷ್ಟು ಎಚ್ಚರ ಇರುತ್ತೇವೋ ಅಷ್ಟೇ ಎಚ್ಚರ ಇಲ್ಲೂ ಬೇಕು.

ನಮ್ಮ ಸೀಮೆಯಲ್ಲಿ ಇನ್ನೊಂದು ಕಾಟ ಇದೆ. ಅದೇ ತೆಂಗಿನ ನಾರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟ ಇದ್ದವರ ಮನೆಯ ಅಟ್ಟದಲ್ಲಿ ಕಾಯಿ ಇರುತ್ತದೆ. ಉಂಡೆ ಕೊಬ್ಬರಿ ಆಗೋಕೆ ಎಷ್ಟೋ ತಿಂಗಳು ಬೇಕು. ಕಾಯಿ ಇದ್ದ ಕಡೆ ಇಲಿ ಇರುತ್ತದೆ. ಮಳೆಗಾಲ, ಚಳಿಗಾಲದಲ್ಲಿ ಇಲಿಗೆ ಬೆಚ್ಚನೆಯ ಜಾಗ ಬೇಕು. ಸಂಜೆ ಓಡಿ ಬಂದು ನಿಂತ ಕಾರಿನ ಇಂಜಿನ್ ಬೆಚ್ಚಗಿರುತ್ತದೆ. ಇಲಿ ನಾರು ಕಚ್ಚಿಕೊಂಡು ಬಂದು ಅಲ್ಲೇ ಗೂಡು ಕಟ್ಟುತ್ತದೆ. ವೈರನ್ನೂ ಕಡಿಯುತ್ತದೆ.

ಒಣಗಿದ ನಾರು ಎಷ್ಟು ಬೇಗ ಹೊತ್ತುತ್ತದೆ ಅಂತ ನಿಮಗೆ ಹೇಳಬೇಕಾ? ನೀರೊಲೆಗೆ ದಿನಾ ಹಾಕುವವರು ನೀವೇ. ಅಂಥ ನಾರು ಸುಡುವ ಸೈಲೆನ್ಸರ್ ಕೊಳವೆಗೆ ತಾಗಿದರೆ ಹೊಗೆ ಏಳುತ್ತದೆ. ಇಲಿ ಕಡಿದ ವೈರಿನಿಂದ ಕಿಡಿ ಹಾರಿದರೂ ಅಷ್ಟೇ. ಆದ್ದರಿಂದ ಇಂಜಿನ್ ಶುಚಿ ಮಾಡುವುದು ಬರೀ ಚೆಂದಕ್ಕಲ್ಲ. ಅದು ಜೀವ ಕಾಯುವ ಕೆಲಸ.

ಈಗ ಕೆಲಸಕ್ಕೆ ಇಳಿಯೋಣ.

ಯಾವಾಗ ಮಾಡಬೇಕು? ಬೆಳಗ್ಗೆ, ಗಾಡಿ ಹೊರಡುವ ಮುಂಚೆ. ರಾತ್ರಿಯೆಲ್ಲ ನಿಂತು ಇಂಜಿನ್ ತಣ್ಣಗಾಗಿರುತ್ತದೆ. ತಿಪಟೂರು ಸಂತೆಯಿಂದ ಈಗ ತಾನೇ ಬಂದ ಗಾಡಿಯ ಬಾನೆಟ್‌ಗೆ ಕೈ ಹಾಕಬೇಡಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಬಿದ್ದರೆ ಕಬ್ಬಿಣ ಬಿರುಕು ಬಿಡಬಹುದು. ಕಾದ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಒರೆಸುವುದಕ್ಕೆ ಆ ಮುಚ್ಚಳ ತೆಗೆಯುವ ಅಗತ್ಯವೇ ಇಲ್ಲ.

ಎಲ್ಲಿ ಮಾಡಬೇಕು? ಬಯಲಲ್ಲಿ, ನೆರಳಲ್ಲಿ, ಸಮ ನೆಲದ ಮೇಲೆ. ಕೊಟ್ಟಿಗೆ ಬೇಡ. ಮಟ್ಟೆ ರಾಶಿಯ ಪಕ್ಕ ಬೇಡ. ಬಾವಿಯ ಹತ್ತಿರವೂ ಬೇಡ. ಎಣ್ಣೆ ಬೆರೆತ ನೀರು ಬಾವಿಗೆ ಇಳಿಯಬಾರದು. ತೆಂಗಿನ ಪಾತಿಗೂ ಹರಿಯಬಾರದು.

ಹೇಗೆ ತಯಾರಾಗಬೇಕು? ಗಾಡಿ ಆಫ್ ಮಾಡಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಕೀಲಿಯನ್ನು ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನೀವು ಒಳಗೆ ಕೈ ಹಾಕಿದಾಗ ಮಗುವೋ ಮೈದುನನೋ ಬಂದು ಸ್ಟಾರ್ಟ್ ಮಾಡಬಾರದು. ಕೆಲವು ಗಾಡಿಗಳಲ್ಲಿ ಬಿಸಿ ಇದ್ದರೆ ಆಫ್ ಮಾಡಿದ ಮೇಲೂ ಫ್ಯಾನು ತಾನೇ ತಿರುಗುತ್ತದೆ. ಅದಕ್ಕೇ ಮತ್ತೆ ಹೇಳುತ್ತೇವೆ, ಗಾಡಿ ಮೊದಲು ತಣ್ಣಗಾಗಲಿ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಜಡೆಯನ್ನು ಮೇಲಕ್ಕೆ ಕಟ್ಟಿ. ಬಳೆ, ಉಂಗುರ ತೆಗೆದಿಡಿ. ಕತ್ತಿನ ಸರವನ್ನು ಕುಪ್ಪಸದ ಒಳಗೆ ಹಾಕಿಕೊಳ್ಳಿ. ಯಾಕೆ? ಚಿನ್ನವಾಗಲಿ, ಕಬ್ಬಿಣವಾಗಲಿ, ಲೋಹದ ಬಳೆ ಬ್ಯಾಟರಿಯ ಎರಡು ಕಡೆ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕಾದು ಕೆಂಪಾಗುತ್ತದೆ. ಕೈ ಸುಡುತ್ತದೆ. ಬಾನೆಟ್ ಎತ್ತಿದ ಮೇಲೆ ಅದರ ಕಂಬಿ ಸರಿಯಾಗಿ ಕೂತಿದೆಯೇ ನೋಡಿ. ಮಕ್ಕಳನ್ನು ದೂರ ಕಳಿಸಿ.

ಮೊದಲು ಕಣ್ಣಿಂದ ನೋಡಿ. ಇಲಿ ಗೂಡು ಇದೆಯೇ? ನಾರು, ಕಾಗದ, ಒಣಗಿದ ಎಲೆ ಇದೆಯೇ? ಕಡಿದ ವೈರು ಇದೆಯೇ? ಇಲಿಯ ಉಚ್ಚೆಯಿಂದ ಇಲಿ ಜ್ವರ ಬರುತ್ತದೆ. ಕೈಯಲ್ಲಿ ಗಾಯ ಇದ್ದರೆ ಬೇಗ ಅಂಟುತ್ತದೆ. ಆದ್ದರಿಂದ ಕೈಗೆ ರಬ್ಬರ್ ಗ್ಲೌಸ್ ಹಾಕಿ, ಬಾಯಿ ಮೂಗಿಗೆ ಬಟ್ಟೆ ಕಟ್ಟಿ. ಗೂಡಿನ ಮೇಲೆ ಸ್ವಲ್ಪ ಸೋಪಿನ ನೀರು ಚಿಮುಕಿಸಿ, ಧೂಳು ಏಳದ ಹಾಗೆ ಎತ್ತಿ ಹಾಕಿ. ವೈರು ಕಡಿದಿದ್ದರೆ ಮುಟ್ಟಬೇಡಿ, ಗಾಡಿ ಸ್ಟಾರ್ಟ್ ಮಾಡಲೂ ಬಿಡಬೇಡಿ. ಮೆಕ್ಯಾನಿಕ್ ಬಂದು ನೋಡಲಿ.

ಆಮೇಲೆ ಒಣ ಬ್ರಶ್. ಬಣ್ಣ ಬಳಿಯುವ ಹಳೆಯ ಬ್ರಶ್ ಸಾಕು. ಸಂದಿಗೆ ಹಲ್ಲುಜ್ಜುವ ಹಳೆಯ ಬ್ರಶ್ ಸಾಕು. ಮೇಲಿನಿಂದ ಕೆಳಕ್ಕೆ ಧೂಳು ತೆಗೆಯಿರಿ. ನಮ್ಮ ಕಡೆಯ ಧೂಳು ನಿಮಗೆ ಗೊತ್ತೇ ಇದೆ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಆಮೇಲೆ ಒದ್ದೆ ಬಟ್ಟೆ. ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಸೋಪು ಸ್ವಲ್ಪ ಹಾಕಿ. ಬಟ್ಟೆ ಅದ್ದಿ, ನೀರು ತೊಟ್ಟಿಕ್ಕದ ಹಾಗೆ ಚೆನ್ನಾಗಿ ಹಿಂಡಿ. ಹಿಂಡಿದ ಬಟ್ಟೆಯಿಂದ ಜಿಡ್ಡು ಒರೆಸಿ. ಹೋಗದಿದ್ದರೆ ಇನ್ನೊಂದು ಸಲ ಒರೆಸಿ. ಕೊನೆಗೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ.

ಪೈಪಿನಿಂದ ನೀರು ಹೊಡೆಯಬೇಡಿ. ಮೋಟಾರ್ ಪಂಪಿನ ನೀರಂತೂ ಬೇಡವೇ ಬೇಡ. ಈಗಿನ ಕಾರುಗಳಲ್ಲಿ ಚಿಕ್ಕ ಕಂಪ್ಯೂಟರ್ ಪೆಟ್ಟಿಗೆ ಇರುತ್ತದೆ. ಫ್ಯೂಸ್ ಡಬ್ಬಿ, ಹತ್ತಾರು ವೈರಿನ ಗಂಟು ಇರುತ್ತದೆ. ನೀರು ಒಳಕ್ಕೆ ಹೋದರೆ ಗಾಡಿ ನಿಂತೇ ಹೋಗುತ್ತದೆ. ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಗೆ ನೀರು ನುಗ್ಗಿದರೆ ಇಂಜಿನ್ನೇ ಹಾಳು. ರಾತ್ರಿ ಹೆರಿಗೆ ನೋವು ಬಂದಾಗ ಗಾಡಿ ಸ್ಟಾರ್ಟ್ ಆಗದಿದ್ದರೆ ಯಾರಿಗೆ ಕಷ್ಟ? ಯೋಚನೆ ಮಾಡಿ.

ಬ್ಯಾಟರಿಯ ವಿಷಯ ಬೇರೆ ಹೇಳಬೇಕು. ಅದರೊಳಗೆ ಗಂಧಕಾಮ್ಲ ಇದೆ. ಬಟ್ಟೆ ತೂತು ಮಾಡುತ್ತದೆ, ಚರ್ಮ ಸುಡುತ್ತದೆ, ಕಣ್ಣು ಕೆಡಿಸುತ್ತದೆ. ಅದರಿಂದ ಹೊರಡುವ ಅನಿಲ ಬೆಂಕಿ ಕಂಡರೆ ಸಿಡಿಯುತ್ತದೆ. ಬ್ಯಾಟರಿ ಮೇಲೆ ಎರಡು ಗುರುತು ಇರುತ್ತದೆ. ಲೆಕ್ಕದಲ್ಲಿ ನಾವು ಕಲಿತಿದ್ದೇವಲ್ಲ, ಕೂಡುವ ಗುರುತು +, ಕಳೆಯುವ ಗುರುತು −. ಅದೇ ಗುರುತುಗಳು. ತಂತಿ ಬಿಚ್ಚುವಾಗ − ಮೊದಲು, + ಆಮೇಲೆ. ಹಾಕುವಾಗ + ಮೊದಲು, − ಕೊನೆಗೆ. ಅಭ್ಯಾಸ ಇಲ್ಲದವರು ಬಿಚ್ಚಲೇಬೇಡಿ. ಮೆಕ್ಯಾನಿಕ್ ಮಾಡಲಿ.

ತಂತಿಯ ಬುಡದಲ್ಲಿ ಬಿಳಿ, ಹಸಿರು ಪುಡಿ ಕಟ್ಟಿರುತ್ತದೆ. ಬರಿಗೈಲಿ ಮುಟ್ಟಬೇಡಿ. ಮೆಕ್ಯಾನಿಕ್ ತಂತಿ ಬಿಚ್ಚಿದಾಗ ಅಡುಗೆ ಸೋಡ ನೀರಲ್ಲಿ ಕಲಸಿ, ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿದರೆ ಪುಡಿ ಹೋಗುತ್ತದೆ. ಸೋಡ ನೀರು ಬ್ಯಾಟರಿಯ ಒಳಕ್ಕೆ ಹೋಗಬಾರದು.

ರೇಡಿಯೇಟರ್‌ಗೆ ಹಾಕುವ ಬಣ್ಣದ ನೀರು ಇದೆ. ಕೂಲೆಂಟ್ ಅನ್ನುತ್ತಾರೆ. ಅದು ಸಿಹಿ, ಆದರೆ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ. ಮಕ್ಕಳಿಗೂ ಅಪಾಯ. ನೆಲಕ್ಕೆ ಚೆಲ್ಲಿದ್ದರೆ ಕೂಡಲೇ ಮಣ್ಣು ಹಾಕಿ ಬಳಿದು ತೆಗೆಯಿರಿ. ತಂಪು ಪಾನೀಯದ ಬಾಟಲಿಯಲ್ಲಿ ಅದನ್ನು ಯಾವತ್ತೂ ತುಂಬಿಡಬೇಡಿ.

ನಿಮ್ಮೂರಿಗೆ ಕರೆಂಟಿನ ಕಾರು ಬಂದಿದ್ದರೆ ಇನ್ನೊಂದು ಮಾತು. ಅದರಲ್ಲಿ ಕಿತ್ತಳೆ ಬಣ್ಣದ ದಪ್ಪ ವೈರು ಇರುತ್ತದೆ. ಅದರಲ್ಲಿ ಜೀವ ತೆಗೆಯುವಷ್ಟು ಕರೆಂಟು ಹರಿಯುತ್ತದೆ. ಅದರ ಬಾನೆಟ್ ಒಳಗೆ ನೀವು ಕೈ ಹಾಕಬೇಡಿ.

ಎಲ್ಲ ಒರೆಸಿದ ಮೇಲೆ ಬಾನೆಟ್ ತೆರೆದು ಗಾಳಿಗೆ ಬಿಡಿ. ಒಳಗೆ ಬಟ್ಟೆ, ಬ್ರಶ್ ಉಳಿದಿದೆಯೇ ಎರಡು ಸಲ ನೋಡಿ. ಮರೆತ ಒಂದು ತುಂಡು ಬಟ್ಟೆ ಬೆಂಕಿಗೆ ದಾರಿ. ಎಣ್ಣೆ ಬಟ್ಟೆಯನ್ನು ಒಲೆಯ ಹತ್ತಿರ ಇಡಬೇಡಿ. ಆಮೇಲೆ ಗಾಡಿಯನ್ನು ಬಯಲಲ್ಲೇ ಸ್ಟಾರ್ಟ್ ಮಾಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬಾರದು. ಆ ಹೊಗೆಯಲ್ಲಿ ವಾಸನೆಯಿಲ್ಲದ ವಿಷದ ಗಾಳಿ ಇದೆ. ಅದು ಗೊತ್ತಾಗದ ಹಾಗೆ ಪ್ರಾಣ ತೆಗೆಯುತ್ತದೆ.

ಪೂಜೆಯನ್ನು ಬಿಡಿ ಅಂತ ನಾವು ಹೇಳುವುದಿಲ್ಲ. ಗಾಡಿ ಪೂರ್ತಿ ಒಣಗಲಿ. ಬಾನೆಟ್ ಮುಚ್ಚಿ. ಅರಿಶಿನ, ಕುಂಕುಮ, ಹೂವು ಹೊರಗೆ ಇಡಿ. ನಿಂಬೆಹಣ್ಣು ಚಕ್ರದ ಕೆಳಗೆ ಇಡಿ. ಕರ್ಪೂರವನ್ನು ಗಾಡಿಯಿಂದ ದೂರ, ನೆಲದ ಮೇಲೆ ಹಚ್ಚಿ. ದೇವರು ಬೇಡ ಅನ್ನುವುದಿಲ್ಲ.

ಅಪಾಯ ಆಗಿಯೇ ಬಿಟ್ಟರೆ? ಮುಚ್ಚಿದ ಬಾನೆಟ್‌ನಿಂದ ಹೊಗೆ, ಬೆಂಕಿ ಬಂದರೆ ಅದನ್ನು ಎತ್ತಬೇಡಿ. ಗಾಳಿ ಸಿಕ್ಕರೆ ಉರಿ ಹೆಚ್ಚುತ್ತದೆ. ಎಲ್ಲರನ್ನೂ ದೂರ ಕರೆದುಕೊಂಡು ಹೋಗಿ. 112ಕ್ಕೆ ಅಥವಾ 101ಕ್ಕೆ ಫೋನ್ ಮಾಡಿ. ನೆಲಕ್ಕೆ ಚೆಲ್ಲಿದ ಪೆಟ್ರೋಲ್ ಹೊತ್ತಿದರೆ ನೀರು ಎರಚಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಬೆಂಕಿ ಚಿಕ್ಕದಾಗಿದ್ದರೆ ಮಾತ್ರ ಮರಳು, ಮಣ್ಣು ಎರಚಿ.

ಕೈ ಸುಟ್ಟರೆ ಬಳೆಯನ್ನು ಕೂಡಲೇ ತೆಗೆಯಿರಿ. ತಣ್ಣನೆಯ ನೀರನ್ನು 20 ನಿಮಿಷ ಸುರಿಯುತ್ತಾ ಇರಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ. ನಮ್ಮ ಸೀಮೆಯಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು. ಸುಟ್ಟ ಗಾಯಕ್ಕೆ ಮಾತ್ರ ಅದು ಮದ್ದಲ್ಲ. ಎಣ್ಣೆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಬ್ಯಾಟರಿ ನೀರು ಕಣ್ಣಿಗೆ ಬಿದ್ದರೂ 20 ನಿಮಿಷ ನೀರು ಹಾಕಿ ತೊಳೆಯಿರಿ. ಆಮೇಲೆ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ.

ಕೊನೆಯ ಮಾತು. ಬಾನೆಟ್ ಒಳಗೆ, ಬ್ಯಾಟರಿ ಮೇಲೆ ಚೀಟಿ ಅಂಟಿಸಿರುತ್ತಾರೆ. ಬರಹ ಇಂಗ್ಲಿಷಿನಲ್ಲಿ ಇರಬಹುದು. ಜೊತೆಗೆ ಚಿತ್ರವೂ ಇರುತ್ತದೆ. ಫ್ಯಾನಿನ ಪಕ್ಕ ಕೈ ಇದ್ದರೆ, ಇಲ್ಲಿ ಕೈ ಹಾಕಬೇಡ ಅಂತ. ಬೆಂಕಿಯ ಮೇಲೆ ಅಡ್ಡಗೆರೆ ಇದ್ದರೆ, ಇಲ್ಲಿ ಬೆಂಕಿ ಬೇಡ ಅಂತ. ಅಕ್ಷರ ಓದಲು ಕಲಿತ ನಾವು ಇದನ್ನೂ ಓದಬಲ್ಲೆವು.

ಇವತ್ತು ಮನೆಗೆ ಹೋಗಿ ಈ ಪಾಠವನ್ನು ಗಟ್ಟಿಯಾಗಿ ಓದಿ. ಮನೆಯ ಗಂಡಸರೂ ಕೇಳಲಿ, ಮಕ್ಕಳೂ ಕೇಳಲಿ. ಗೋಡೆಯ ಮೇಲೆ ನಿಮ್ಮ ಕೈಯಾರೆ ಈ ಐದು ಸಾಲು ಬರೆಯಿರಿ.

1. ಗಾಡಿ ಮೊದಲು ತಣ್ಣಗಾಗಲಿ.
2. ಕೀಲಿ ನನ್ನ ಹತ್ತಿರ ಇರಲಿ.
3. ಪೆಟ್ರೋಲ್ ಬೇಡ, ಸೀಮೆಎಣ್ಣೆ ಬೇಡ.
4. ಪೈಪ್ ಬೇಡ, ಹಿಂಡಿದ ಬಟ್ಟೆ ಸಾಕು.
5. ಗಾಡಿ ಹತ್ತಿರ ಬೆಂಕಿ ಬೇಡ.

ಅವತ್ತು ನಮ್ಮ ಅತ್ತೆ ಕೂಗಿದರು, ಮಗಳು ಉಳಿದಳು. ಎಲ್ಲ ಮನೆಯಲ್ಲೂ ಕೂಗುವವರು ಹತ್ತಿರ ಇರುವುದಿಲ್ಲ. ಗೋಡೆಯ ಮೇಲಿನ ಅಕ್ಷರ ಮಾತ್ರ ಯಾವಾಗಲೂ ಇರುತ್ತದೆ.