ಗೋಡೆಯ ಬಿರುಕಿಗೆ ಮೊದಲು ಕಾರಣ ಹುಡುಕಿ



ಧಾರವಾಡ, ವಿಜಯಪುರ, ರಾಯಚೂರು ಜಿಲ್ಲೆಗಳ ಎರೆ ಭೂಮಿಯಲ್ಲಿ ಮನೆಯ ಗೋಡೆ ಬಿರಿಯುವುದು ಹೊಸದಲ್ಲ. ಕಾಂಕ್ರೀಟು ತಳಪಾಯವೂ ಇದಕ್ಕೆ ಹೊರತಲ್ಲ. ಗೌಂಡಿಯನ್ನು ಕರೆಸಿ ಸಿಮೆಂಟು ತುಂಬಿಸಿದರೂ ಮರುವರ್ಷ ಅದೇ ಜಾಗ ಬಾಯಿ ಬಿಡುತ್ತದೆ. ಹಣ ಹೋಗುತ್ತದೆ, ರೋಗ ಉಳಿಯುತ್ತದೆ.

ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮನೆಯ ಒಂದು ಮಗ್ಗುಲು ಹಸಿ, ಇನ್ನೊಂದು ಒಣಗಿದ್ದರೆ ತಳಪಾಯ ಸಮನಾಗಿ ನಿಲ್ಲದೆ ಗೋಡೆ ಸೀಳುತ್ತದೆ.

ಗಿಲಾವಿನಲ್ಲಷ್ಟೇ ಇರುವ ಕೂದಲೆಳೆಯಂಥ ಬಿರುಕಿಗೆ ಅಂಜಬೇಕಿಲ್ಲ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟು, ಗೋಡೆಯ ಒಳಗೂ ಹೊರಗೂ ಕಾಣುವ ಬಿರುಕು ತಳಪಾಯ ಅಲುಗಿದ ಗುರುತು. ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯಿಟ್ಟು, ಎರಡೂ ತುದಿಗಳನ್ನು ಸಿಮೆಂಟಿನಿಂದ ಅಂಟಿಸಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ. ತಿಂಗಳಿಗೊಮ್ಮೆ ಬಿರುಕಿನ ಅಗಲ ಅಳೆಯಿರಿ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಂಡರೆ ಮಣ್ಣೇ ಕಾರಣವೆಂದು ತಿಳಿಯಬಹುದು. ಅಗಲವಾಗುತ್ತಲೇ ಹೋದರೆ ಇಂಜಿನಿಯರರಿಗೆ ತೋರಿಸಿ. ಗೋಡೆ ವಾಲಿದ್ದರೆ ಅದರ ಬಳಿ ಮಲಗಬೇಡಿ.

ಬಳಿಕ ನೀರಿನ ದಾರಿ ನೋಡಿ. ಮಾಳಿಗೆಯ ನೀರು, ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗುತ್ತಿದ್ದರೆ ಕೊಳವೆ ಹಾಕಿ ದೂರ ಸಾಗಿಸಿ. ಮನೆಯ ಸುತ್ತ ಸುಮಾರು 1 ಮೀಟರು ಅಗಲಕ್ಕೆ, ಹೊರಕ್ಕೆ ಇಳಿಜಾರಾಗಿ ಗಚ್ಚು ಮಾಡಿಸಿ. ಇಂಗುಗುಂಡಿ, ದೊಡ್ಡ ಮರ ಗೋಡೆಗೆ ಹತ್ತಿರವಿರಬಾರದು.

ಹೊಸ ಮನೆಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡ ಉಬ್ಬಿದ ಕಾಂಕ್ರೀಟು ಕಂಬಗಳ ತಳಪಾಯ ಸೂಕ್ತ. ಸಾಮಾನ್ಯವಾಗಿ ಸುಮಾರು 3.5 ಮೀಟರು ಆಳಕ್ಕಿಳಿಯುವ ಈ ಕಂಬಗಳು ತೇವ ಹೆಚ್ಚು ಏರಿಳಿಯದ ಮಣ್ಣಿನಲ್ಲಿ ನಿಲ್ಲುತ್ತವೆ.

ಮೊದಲು ನೀರನ್ನು ಸರಿಪಡಿಸಿ. ಒಂದು ವರ್ಷ ಗಮನಿಸಿ. ಆಮೇಲೆ ಬಿರುಕು ಮುಚ್ಚಿಸಿ.