ತಂದೆಯಂದಿರಿಗೂ ಒಂದು ಆಸರೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಘದ ವಾರ್ಷಿಕೋತ್ಸವದಲ್ಲಿ ಭಾಷೆಯ ಹಕ್ಕುಗಳನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ಆ ವಾಡಿಕೆಯನ್ನು ಕೊಂಚ ಮೀರಿ, ನಮ್ಮ ನೆರೆಮನೆಗಳ ತಂದೆಯಂದಿರ ವಿಷಯವನ್ನೆತ್ತಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು ಮೊದಲಾದ ಕಡೆಗಳ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ತಮಗೆ ಹೊಸದಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು. 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆಮಾಡಿತು. ಹಣ ಬಾರದ ಕೆಲವರು ಮತ್ತೆ ಕೋರ್ಟಿಗೆ ಹೋಗಬೇಕಾಯಿತು. 2022ರಲ್ಲಿ ಕೋರ್ಟು ಆ ವಿಳಂಬವನ್ನು ಖಂಡಿಸಿತು. ಮಕ್ಕಳಿಗೆ ಪಂಚಾಯತುಗಳ ಬಡ್ಸ್ ಶಾಲೆಗಳಿವೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗಾಗಿ 'ಆಶ್ವಾಸಕಿರಣ' ಎಂಬ ಮಾಸಿಕ ಸಹಾಯದ ಯೋಜನೆಯಿದೆ. ಇವನ್ನು ಅಲ್ಪವೆಂದು ನಾನು ಹೇಳಲಾರೆ.

ಆದರೆ ಈ ಏರ್ಪಾಡುಗಳ ಲೆಕ್ಕದಲ್ಲಿ ತಂದೆಯೆಂದರೆ ಕೂಲಿ ತರುವವನು, ಅರ್ಜಿಗೆ ರುಜು ಹಾಕುವವನು. ಮಗು ಎಳೆಯದಾಗಿರುವಷ್ಟು ದಿನ ತಾಯಿ ಎತ್ತಿಯಾಳು. ಮಗನಿಗೆ ಇಪ್ಪತ್ತು ವರ್ಷ ತುಂಬಿದ ಮೇಲೆ ಅವನನ್ನು ಬಚ್ಚಲಿಗೆ ಹೊತ್ತು ಒಯ್ಯುವವನು ತಂದೆ. ಆ ಹೊತ್ತಿಗೆ ಅವನಿಗೂ ಐವತ್ತು ದಾಟಿರುತ್ತದೆ. ದೂರದ ಕೆಲಸಕ್ಕೆ ಹೋಗುವಂತಿಲ್ಲ. ಮದುವೆಮುಂಜಿಗಳಿಗೆ ಗಂಡಹೆಂಡಿರಿಬ್ಬರೂ ಒಟ್ಟಿಗೆ ಹೋದದ್ದು ಎಂದೋ! ತಾಯಂದಿರು ಶಾಲೆಯ ಜಗಲಿಯಲ್ಲಿಯೋ ಕುಟುಂಬಶ್ರೀ ಕೂಟದಲ್ಲಿಯೋ ಒಬ್ಬರಿಗೊಬ್ಬರು ಹೇಳಿಕೊಂಡು ಅತ್ತಾರು. ಗಂಡಸು ಯಾರೊಡನೆ ಹೇಳಿಯಾನು? ಕೆಲವರು ಮದ್ಯದಂಗಡಿಯ ದಾರಿ ಹಿಡಿಯುತ್ತಾರೆ. ಅಂಥವರನ್ನು ಹಳಿಯುವುದು ಮಾತ್ರ ನಮಗೆ ಬಲು ಸುಲಭವಾಗಿ ಬರುತ್ತದೆ.

ಇದಕ್ಕೆ ಭಾಷೆಯ ತೊಡಕೂ ಸೇರಿಕೊಂಡಿದೆ. ಕನ್ನಡ ಶಾಲೆಯಲ್ಲಿ ಓದಿದ ತಂದೆಯ ಕೈಗೆ ಮಲಯಾಳದ ಕಾಗದ ಬರುತ್ತದೆ. ಒಬ್ಬರು ಅಂಥದೊಂದನ್ನು ನನ್ನ ಮನೆಗೆ ತಂದು, "ಮಾಷ್ಟ್ರೇ, ಇದರಲ್ಲಿ ಏನುಂಟು?" ಎಂದು ಕೇಳಿದರು. ಅದರಲ್ಲಿ ಸೂಚಿಸಿದ್ದ ವೈದ್ಯಕೀಯ ಶಿಬಿರ ಮುಗಿದು ಅಷ್ಟರಲ್ಲಿ ಒಂದು ವಾರವಾಗಿತ್ತು.

ಆದುದರಿಂದ ನನ್ನ ಸೂಚನೆಯಿಷ್ಟು. ಪ್ರತಿ ತಿಂಗಳ ಎರಡನೆಯ ಆದಿತ್ಯವಾರ ಮಧ್ಯಾಹ್ನ ನಮ್ಮ ವಾಚನಾಲಯದ ಕೋಣೆಯನ್ನು ಈ ತಂದೆಯಂದಿರಿಗೆ ಬಿಟ್ಟುಕೊಡೋಣ. ಉಪನ್ಯಾಸ ಬೇಡ, ಚಹಾ ಇರಲಿ. ಎರಡೂ ಭಾಷೆ ಬಲ್ಲ ಇಬ್ಬರು ತರುಣರು ಕಾಗದಗಳನ್ನು ಓದಿಹೇಳಿ, ಅರ್ಜಿಗಳನ್ನು ಬರೆದುಕೊಡಲಿ. ಆ ಮೂರು ಗಂಟೆಗಳ ಕಾಲ ಮನೆಯಲ್ಲಿ ಮಗುವಿನ ಬಳಿ ಯಾರಿರಬೇಕೆಂಬುದೇ ಕಷ್ಟದ ಪ್ರಶ್ನೆ. ತಾಯಿಗೇ ಬಿಟ್ಟರೆ ಒಬ್ಬರ ಭಾರವನ್ನು ಇನ್ನೊಬ್ಬರ ತಲೆಗೆ ಹೊರಿಸಿದಂತಾಯಿತು. ಸಂಘದ ಸದಸ್ಯರೇ ಇಬ್ಬಿಬ್ಬರಾಗಿ, ಎತ್ತುವ, ಉಣಿಸುವ ಕ್ರಮವನ್ನು ಬಡ್ಸ್ ಶಾಲೆಯ ಅಧ್ಯಾಪಿಕೆಯರಿಂದ ಮೊದಲು ಕಲಿತು, ಆ ಮನೆಗಳಿಗೆ ಹೋಗಬೇಕು. ನಾನು ನನ್ನ ಹೆಸರನ್ನು ಬರೆಸಿದ್ದೇನೆ. ಪಟ್ಟಿಯು ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಊಟಕ್ಕೆ ಏಳುವ ಮೊದಲು ತಾವು ಅದನ್ನೊಮ್ಮೆ ನೋಡಬೇಕೆಂದು ಪ್ರಾರ್ಥಿಸುತ್ತೇನೆ.