ಚರ್ಮಗಂಟು ರೋಗ: ಮನೆಮದ್ದೂ ಬೇಕು, ಪಶುವೈದ್ಯರೂ ಬೇಕು
(ಹೈನುಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಿನ್ನೆ ಸಂಜೆ ಮೇವು ತಿಂದು ಹಾಲು ಕೊಟ್ಟ ಹಸು, ಬೆಳಿಗ್ಗೆ ನೋಡಿದರೆ ಮೇವಿಗೆ ಬಾಯಿ ಹಾಕದೆ ನಿಂತಿರುತ್ತದೆ. ಮೈ ಸುಡುತ್ತಿರುತ್ತದೆ, ಕಣ್ಣು ಮೂಗುಗಳಿಂದ ನೀರು ಸುರಿಯುತ್ತಿರುತ್ತದೆ. ಎರಡು ಮೂರು ದಿನಗಳಲ್ಲಿ ಕುತ್ತಿಗೆ, ಬೆನ್ನು, ಕೆಚ್ಚಲ ಮೇಲೆ ಅಡಿಕೆ ಗಾತ್ರದ ಗಂಟುಗಳು ಏಳುತ್ತವೆ. ಇದೇ ಚರ್ಮಗಂಟು ರೋಗ.

1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಗುರುತಿಸಲಾದ ಈ ರೋಗ ನಮ್ಮ ದೇಶದಲ್ಲಿ 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ರಾಜಸ್ಥಾನ, ಗುಜರಾತುಗಳಲ್ಲದೆ ಕರ್ನಾಟಕದ ಕೊಟ್ಟಿಗೆಗಳನ್ನೂ ಬಾಧಿಸಿತು. ನಮ್ಮ ಹಿರಿಯರು ಕಂಡ ರೋಗವಲ್ಲವಾದ್ದರಿಂದ ಅನೇಕರಿಗೆ ದಿಕ್ಕು ತೋಚಲಿಲ್ಲ. ಕೆಲವರು ನಾಟಿ ಔಷಧಿಯೊಂದನ್ನೇ ನಂಬಿದರು. ಕೆಲವರು ಒಂದು ಸೂಜಿ ಹಾಕಿಸಿ, ಆರೈಕೆ ಮಾಡದೆ ಬಿಟ್ಟರು. ಎರಡೂ ತಪ್ಪು.

ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಜ್ವರದಿಂದ ಬಳಲಿದ ಹಸುವಿನ ತಲೆಯನ್ನು ಮೇಲೆತ್ತಿ ಹಿಡಿದು, ಗೊಟ್ಟದಲ್ಲಿ ಕಷಾಯ ಸುರಿದಿದ್ದರು. ಹಸು ಕೆಮ್ಮಿದರೂ ನಿಲ್ಲಿಸಲಿಲ್ಲ. ಮಾರನೆಯ ದಿನ ಏದುಸಿರು ಹತ್ತಿತು. ವೈದ್ಯರಿಗೆ ಹೇಳಿ ಕಳುಹಿಸಿದ್ದು ಐದನೆಯ ದಿನ; ಕಷಾಯ ಕುಡಿಸಿದ ಸಂಗತಿಯನ್ನು ಅಂಜಿಕೆಯಿಂದ ಅವರಿಗೂ ಹೇಳಲಿಲ್ಲ. ಆರು ತಿಂಗಳ ಗಬ್ಬದ ಹಸು ಉಳಿಯಲಿಲ್ಲ. ಕಷಾಯದ ಸೊಪ್ಪಿನಲ್ಲಿ ದೋಷವಿರಲಿಲ್ಲ. ಕುಡಿಸಿದ ರೀತಿ ತಪ್ಪಾಗಿತ್ತು, ತಡವೂ ಆಗಿತ್ತು.

ವೈದ್ಯರಿಂದ ಆಗುವ ಕೆಲಸ

ಈ ರೋಗ ವೈರಸ್ಸಿನಿಂದ ಬರುತ್ತದೆ. ಸೊಳ್ಳೆ, ಕಚ್ಚುವ ನೊಣ ಮತ್ತು ಉಣ್ಣೆಗಳು ಇದನ್ನು ಹರಡುತ್ತವೆ. ಮನುಷ್ಯರಿಗೆ ಅಂಟುವುದಿಲ್ಲ. ಈ ವೈರಸ್ಸನ್ನೇ ಕೊಲ್ಲುವ ಸೂಜಿಮದ್ದು ಇಲ್ಲ. ಹಾಗಾದರೆ ವೈದ್ಯರೇಕೆ ಎನ್ನಬಹುದು. ಜ್ವರ ಮತ್ತು ನೋವನ್ನು ಇಳಿಸುವುದು, ಗಾಯಕ್ಕೂ ಶ್ವಾಸಕೋಶಕ್ಕೂ ಆಮೇಲೆ ತಗಲುವ ಬ್ಯಾಕ್ಟೀರಿಯಾ ಸೋಂಕನ್ನು ತಡೆಯುವುದು ಅವರ ಕೆಲಸ. ರಾಸುಗಳು ಸಾಯುವುದು ಹೆಚ್ಚಾಗಿ ಇಂಥ ತೊಡಕುಗಳಿಂದಲೇ. ಆಂಟಿಬಯೋಟಿಕ್ ಕೊಟ್ಟಾಗ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕಕೂಡದು.

ಮನೆಮದ್ದಿನಿಂದ ಆಗುವ ಕೆಲಸ

ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಚಿಕಿತ್ಸೆಯ ಜೊತೆಗೆ ಬಳಸಲು ಕೆಲವು ಮನೆಮದ್ದುಗಳನ್ನು ತಿಳಿಸಿದೆ. ತಿನ್ನಿಸಲು: 10 ವೀಳ್ಯದೆಲೆ, 10 ಗ್ರಾಂ ಕರಿಮೆಣಸು, 10 ಗ್ರಾಂ ಉಪ್ಪು ಸೇರಿಸಿ ನುಣ್ಣಗೆ ಅರೆದು ಬೆಲ್ಲ ಬೆರೆಸಬೇಕು. ಇದು ಒಂದು ಸಲದ ಪ್ರಮಾಣ. ಮೊದಲ ದಿನ ಮೂರು ಗಂಟೆಗೊಮ್ಮೆ, ಎರಡನೆಯ ದಿನದಿಂದ ದಿನಕ್ಕೆ ಮೂರು ಸಲ, ಎರಡು ವಾರ ಕೊಡಬೇಕು. ಸಣ್ಣ ಸಣ್ಣ ಉಂಡೆ ಮಾಡಿ ನಿಧಾನವಾಗಿ ತಿನ್ನಿಸಿ. ಗೊಟ್ಟ ಬೇಡ.

ಗಾಯಕ್ಕೆ: ಕುಪ್ಪಿಗಿಡ, ಬೇವು, ತುಳಸಿ, ಮೆಹಂದಿ ಸೊಪ್ಪು ಒಂದೊಂದು ಹಿಡಿ, 10 ಎಸಳು ಬೆಳ್ಳುಳ್ಳಿ, 20 ಗ್ರಾಂ ಅರಿಶಿನ ಇವನ್ನು ಅರೆದು, ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯಲ್ಲಿ ಕುದಿಸಿ ಆರಿಸಬೇಕು. ಗಾಯವನ್ನು ತೊಳೆದು ಒರೆಸಿ ಹಚ್ಚಬೇಕು. ಹುಳು ಬಿದ್ದಿದ್ದರೆ ಮೊದಲ ದಿನ ಮಾತ್ರ ಸೀತಾಫಲದ ಎಲೆ ಅರೆದು ಹಚ್ಚಿ.

ಬರೆ ಹಾಕಿಸುವುದು, ಗಾಯಕ್ಕೆ ಸೀಮೆಎಣ್ಣೆ ಸುರಿಯುವುದು ಇವು ಮದ್ದಲ್ಲ. ಒಂದು ಗಾಯದ ಮೇಲೆ ಇನ್ನೊಂದು ಗಾಯ, ಅಷ್ಟೆ.

ತಡಮಾಡಬಾರದ ಲಕ್ಷಣಗಳು

ಜ್ವರ ಮತ್ತು ಗಂಟು ಕಂಡ ದಿನವೇ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೆ 1962ಕ್ಕೆ ದೂರವಾಣಿ ಮಾಡಿ. ಏದುಸಿರು, ಕಾಲು ಬಾತು ಏಳಲಾರದಿರುವುದು, ಒಂದು ದಿನ ಪೂರ್ತಿ ಮೇವು ನೀರು ಬಿಡುವುದು, ಕೆಚ್ಚಲು ಬಾವು ಇವುಗಳಲ್ಲಿ ಯಾವುದಿದ್ದರೂ ಮದ್ದು ಅರೆಯುತ್ತ ಕೂರಬೇಡಿ. ಎಳೆಗರು ಹಾಗೂ ಗಬ್ಬದ ರಾಸುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವೈದ್ಯರು ಬಂದಾಗ, ಏನು ಕೊಟ್ಟಿದ್ದೀರಿ, ಎಷ್ಟು ಸಲ ಕೊಟ್ಟಿದ್ದೀರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಅವರು ಬೈದರೂ ಚಿಂತೆಯಿಲ್ಲ, ಹಸು ಉಳಿಯುತ್ತದೆ.

ಮುನ್ನೆಚ್ಚರಿಕೆ

ಮನೆಮದ್ದಾಗಲಿ ಸೂಜಿಯಾಗಲಿ ಲಸಿಕೆಗೆ ಸಮನಲ್ಲ. ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿ ಈ ರೋಗವನ್ನು ತಡೆಯಲಾಗುತ್ತಿದೆ. ಆರೋಗ್ಯವಾಗಿರುವಾಗಲೇ ಇದನ್ನು ಹಾಕಿಸಬೇಕು. ಫಲ ಕೊಡಲು ಸುಮಾರು ಮೂರು ವಾರ ಬೇಕಾದ್ದರಿಂದ, ಪಕ್ಕದ ಊರಿಗೆ ರೋಗ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ರೋಗದ ರಾಸನ್ನು ಬೇರೆ ಕಟ್ಟಿ, ಬೇವಿನ ಸೊಪ್ಪಿನ ಹೊಗೆ ಹಾಕಿ, ಸಗಣಿ ಗಂಜಲ ನಿಲ್ಲದಂತೆ ನೋಡಿಕೊಳ್ಳಿ. ಅದನ್ನು ಸಂತೆಗೆ ಹೊಡೆಯಬೇಡಿ. ನಿಮ್ಮ ನಷ್ಟ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ.

ಮದ್ದು ಅರೆಯುವ ಕೈ ಒಂದಿರಲಿ, ಆಸ್ಪತ್ರೆಗೆ ಓಡುವ ಕಾಲು ಒಂದಿರಲಿ. ಎರಡೂ ಒಂದೇ ದಿನ ಹೊರಡಲಿ ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.